ಬಡ್ತಿಯ ಮಾತುಂಟು, ಪಾಠದ ಮಾತಿಲ್ಲ

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರಿಗೆ ಹಿರಿಯರು ಕೊಡುವ ಸಲಹೆಗೆ ಬರವಿಲ್ಲ. ಪ್ರೊಬೇಷನ್ ಫೈಲಿನ ಬೆನ್ನು ಬಿಡಬೇಡಿ, ಓರಿಯಂಟೇಷನ್ ಬೇಗ ಮುಗಿಸಿಬಿಡಿ, ಸರ್ಟಿಫಿಕೇಟುಗಳ ಜೆರಾಕ್ಸ್ ಮನೆಯಲ್ಲೂ ಒಂದು ಸೆಟ್ ಇಡಿ, ವರ್ಗಾವಣೆಯ ಕೌನ್ಸೆಲಿಂಗ್ ಬಂದಾಗ ಯಾವ ಊರು ಆರಿಸಿಕೊಳ್ಳಬೇಕೆಂದು ಈಗಲೇ ಯೋಚಿಸಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಯಾವ ಸ್ಟಾಫ್ ರೂಮಿನಲ್ಲಿ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಆದರೆ ಪಿಯುಸಿಯವರೆಗೆ ಕನ್ನಡದಲ್ಲೇ ಓದಿ, ಅದರಲ್ಲೂ ಕಲಾ ವಿಭಾಗದಿಂದ ಬಂದು ಬಿ.ಕಾಂ. ಸೇರಿದ ಹುಡುಗಿಗೆ ಲೆಕ್ಕಶಾಸ್ತ್ರದ ಮೊದಲ ಪಾಠವನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಮಾತು ಅದೇ ಕೋಣೆಯಲ್ಲಿ ಅಪರೂಪ.

ಮೊದಲ ಬಗೆಯ ಸಲಹೆಯನ್ನು ಹಗುರವಾಗಿ ಕಾಣುವಂತಿಲ್ಲ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ 10ನೇ ಹಂತದಿಂದ 11ಕ್ಕೆ ಏರಲು ಪಿಎಚ್.ಡಿ. ಇದ್ದವರಿಗೆ 4 ವರ್ಷ, ಎಂ.ಫಿಲ್.ನವರಿಗೆ 5, ಬರೀ ಸ್ನಾತಕೋತ್ತರ ಪದವಿಯವರಿಗೆ 6 ವರ್ಷ ಸೇವೆ ಆಗಿರಬೇಕು. ಜೊತೆಗೆ ಓರಿಯಂಟೇಷನ್, ರಿಫ್ರೆಷರ್ ಕೋರ್ಸುಗಳ ಷರತ್ತು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡು ಮೇಷ್ಟರಾದವರಿಗೆ ಇದನ್ನು ಹೇಳಿಕೊಡುವವರು ಸಹೋದ್ಯೋಗಿಗಳೇ ಹೊರತು ಯಾವ ಸುತ್ತೋಲೆಯೂ ಅಲ್ಲ. ಹಣ ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡಿಕೊಡುವ ಪತ್ರಿಕೆಗಳಿಂದ ಕಿರಿಯರನ್ನು ತಡೆದವರೂ ಅವರೇ. ಕೆಲವೊಮ್ಮೆ ಅಲ್ಲಿಗೆ ದಾರಿ ತೋರಿಸಿದವರೂ ಅವರೇ ಅನ್ನಿ. ಯುಜಿಸಿ ಮಾನ್ಯ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲಂತೂ ಯಾವ ಪತ್ರಿಕೆ ಒಳ್ಳೆಯದು ಎಂದು ಹೇಳಬಲ್ಲ ಹಿರಿಯರ ಬೆಲೆ ಇನ್ನೂ ಹೆಚ್ಚಿದೆ.

ತಕರಾರು ಇರುವುದು ಸಲಹೆಯ ಬಗ್ಗೆ ಅಲ್ಲ, ಅದು ಒಂದೇ ಕಡೆಗೆ ವಾಲಿರುವುದರ ಬಗ್ಗೆ. ಇದಕ್ಕೆ ಕಾರಣ ಅಧ್ಯಾಪಕರ ಸೋಮಾರಿತನ ಎಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಕಡತಕ್ಕೆ ಸೇರುವುದರ ಬಗ್ಗೆ ಜನ ಮಾತಾಡುತ್ತಾರೆ. ಪಾಠ ಕಡತಕ್ಕೆ ಸೇರುವುದಿಲ್ಲ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1993ರಲ್ಲೇ ಇದನ್ನು ಗುರುತಿಸಿದ್ದರು: ಪ್ರಾಧ್ಯಾಪಕರು ಸಂಶೋಧನೆಯನ್ನು ನಾಲ್ಕು ಜನರ ಮುಂದಿಟ್ಟು ಚರ್ಚೆಗೆ ಒಡ್ಡುತ್ತಾರೆ, ಪಾಠದಲ್ಲಿ ಮಾತ್ರ ಒಂಟಿಯಾಗಿ ಉಳಿಯುತ್ತಾರೆ ಎಂಬುದು ಅವರ ವಾದ.

ನಮ್ಮಲ್ಲಿ ಅಧ್ಯಾಪಕರನ್ನು ಒಟ್ಟಿಗೆ ಕೂರಿಸಿ ತರಬೇತಿ ಕೊಡಲೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿವೆ. ಬೋರ್ಡು ಬದಲಾದರೂ ಅಲ್ಲಿಂದ ಮರಳುವಾಗ ಕೈಯಲ್ಲಿರುವುದು ಪ್ರಮಾಣಪತ್ರವೇ. ಹೊಸದುರ್ಗದ ಅರ್ಥಶಾಸ್ತ್ರದ ಮೇಡಂ ಒಡಿಶಾದ ಅಧ್ಯಾಪಕರ ಜೊತೆ ವಾರಗಟ್ಟಲೆ ಆನ್‌ಲೈನ್ ತರಬೇತಿಯಲ್ಲಿ ಕೂರಬಹುದು. ಅದೇ ವಿಷಯವನ್ನು ಪಕ್ಕದ ಹೊಳಲ್ಕೆರೆಯಲ್ಲಿ, ಅದೇ ದಾವಣಗೆರೆ ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ಕಲಿಸುವವರ ಮುಖ ನೋಡಲು ಮಾತ್ರ ಅವರಿಗೆ ಅಧಿಕೃತ ಸಂದರ್ಭವೇ ಇಲ್ಲ.

ಅನಧಿಕೃತವಾಗಿ ಉಂಟು. ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರು. ಹೊಳಲ್ಕೆರೆ ಅದಕ್ಕಿಂತ ಹತ್ತಿರ. ಅಧ್ಯಾಪಕರಲ್ಲಿ ಬಹಳಷ್ಟು ಮಂದಿ ದಿನವೂ ಬಂದುಹೋಗುವವರು. ದಾವಣಗೆರೆ ಕಡೆಯಿಂದ ರೈಲು ಹಿಡಿದು ಬರುವವರೂ ಇದ್ದಾರೆ. ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದರೆ ಊರು ಇನ್ನೂ ದೂರ, ಅಲ್ಲಿಂದ ಮತ್ತೆ ಬಸ್ಸು. ಪಾಠದ ಬಗ್ಗೆ ನಿಜವಾದ ಮಾತು ನಡೆಯುವುದೇನಾದರೂ ಇದ್ದರೆ ಈ ಸೀಟುಗಳಲ್ಲಿ. ಕೊನೆಯ ಪೀರಿಯಡ್ಡಿಗೆ ಊರಿನ ಬಸ್ಸು ತಪ್ಪುತ್ತದೆಂದು ಹುಡುಗಿಯರು ಎದ್ದು ಹೋಗುವುದು, ಈರುಳ್ಳಿ ಕೀಳುವ ಕಾಲಕ್ಕೆ ಹಾಜರಿ ಇಳಿಯುವುದು, ಇಂಗ್ಲಿಷ್ ಪದವನ್ನು ಬೋರ್ಡಿನ ಮೇಲೆ ಬರೆದು ವಿವರಣೆಯನ್ನೆಲ್ಲ ಕನ್ನಡದಲ್ಲೇ ಕೊಟ್ಟು, ಉತ್ತರವನ್ನು ಎರಡೂ ಬೆರೆಸಿ ಬರೆಯಲು ಬಿಡುವುದು. ಇವೆಲ್ಲ ಯಾವ ರಿಫ್ರೆಷರ್ ಕೋರ್ಸಿನಲ್ಲೂ ಸಿಗದ ತಿಳಿವಳಿಕೆ. ಅದನ್ನು ಕಂಡುಕೊಂಡವರಿಗೆ ವರ್ಗವಾದರೆ ಅದೂ ಅವರ ಜೊತೆಗೇ ಹೋಯಿತು.

ಹೀಗೆ ತಿಳಿವಳಿಕೆ ಹಂಚಿಕೊಳ್ಳದಿರುವುದರ ನಷ್ಟ ಏನೆಂಬುದು ಕಳೆದ ಕೆಲವು ವರ್ಷಗಳಲ್ಲಿ ಚೆನ್ನಾಗಿ ಕಂಡಿತು. 2021–22ರಲ್ಲಿ ದೇಶದಲ್ಲೇ ಮೊದಲಾಗಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಹೊರಳಿತು. 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಮೂರು ವರ್ಷದೊಳಗೆ ಎರಡು ಸಲ ಪಠ್ಯಕ್ರಮ ಬದಲು. ಮುಕ್ತ ಆಯ್ಕೆಯ ಪತ್ರಿಕೆ, ಕೌಶಲದ ಪತ್ರಿಕೆ, ಪ್ರವೇಶ, ಪರೀಕ್ಷೆಗೆಂದು ಬಂದು ನಡುನಡುವೆ ಕೈಕೊಡುವ ಯುಯುಸಿಎಂಎಸ್ ಪೋರ್ಟಲ್. ಪುಸ್ತಕ ಬರುವ ಮೊದಲೇ ಸೆಮಿಸ್ಟರ್ ಶುರುವಾದಾಗ ಅಧ್ಯಾಪಕರು ತಾವೇ ನೋಟ್ಸ್ ಸಿದ್ಧಮಾಡಿಕೊಳ್ಳಬೇಕಾಯಿತು. ಒಂದೇ ಘಟಕದ ನೋಟ್ಸನ್ನು ನಾಲ್ಕು ಊರುಗಳಲ್ಲಿ ನಾಲ್ವರು ನಾಲ್ಕು ರಾತ್ರಿ ಕುಳಿತು ಬರೆಯುವ ಸ್ಥಿತಿ. ಹಂಚಿಕೊಂಡಿದ್ದರೆ ತಲಾ ಒಂದು ಘಟಕ ಸಾಕಿತ್ತು, ಉಳಿದ ಹೊತ್ತು ಪಾಠಕ್ಕೆ ಸಿಗುತ್ತಿತ್ತು.

ಇಷ್ಟಕ್ಕೂ ಪಾಠ ಮಾಡುತ್ತಿರುವವರು ಯಾರು? ಹಲವು ಕಾಲೇಜುಗಳಲ್ಲಿ ಹೆಚ್ಚಿನ ತರಗತಿಗಳು ಅತಿಥಿ ಉಪನ್ಯಾಸಕರವು. ಇಡೀ ವಿಭಾಗವೇ ಅವರ ಮೇಲೆ ನಿಂತಿರುವುದೂ ಉಂಟು. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನ ಏರಿಸಿತು: ಯುಜಿಸಿ ಅರ್ಹತೆಯೂ 5 ವರ್ಷ ಮೀರಿದ ಸೇವೆಯೂ ಇದ್ದವರಿಗೆ 32 ಸಾವಿರ, ಅರ್ಹತೆ ಇಲ್ಲದೆ ಸೇವೆಯೂ ಕಡಿಮೆ ಇದ್ದವರಿಗೆ 26 ಸಾವಿರ. ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದ್ದರಿಂದ ಹಲವರು ಕೆಲಸವನ್ನೇ ಕಳೆದುಕೊಂಡರು. ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದರು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರಿಗೆ ‘ಬೋಧನಾ ವಿಧಾನ ಹಂಚಿಕೊಳ್ಳಿ’ ಎಂದು ಉಪದೇಶ ಮಾಡುವುದು ಸುಲಭ. ಅವರಿಗೆ ತುರ್ತಾಗಿ ಬೇಕಾದ ಸಲಹೆ ಬೇರೆ: ಕೆ–ಸೆಟ್ ಅರ್ಹತಾ ಪರೀಕ್ಷೆ ಪಾಸಾಗುವುದು ಹೇಗೆ, ಪಿಎಚ್.ಡಿ.ಗೆ ಮಾರ್ಗದರ್ಶಕರು ಎಲ್ಲಿ ಸಿಗುತ್ತಾರೆ, ಕಾಯಂ ಹುದ್ದೆಯ ಅಧಿಸೂಚನೆ ಮತ್ತೆ ಯಾವಾಗ. 2021ರಲ್ಲಿ 1,242 ಹುದ್ದೆಗೆ ಅಧಿಸೂಚನೆ ಬಂದಾಗ ಅರ್ಜಿ ಹಾಕಿದವರಲ್ಲಿ ವರ್ಷಗಟ್ಟಲೆ ಇದೇ ಕಾಲೇಜುಗಳಲ್ಲಿ ಪಾಠ ಮಾಡಿದವರಿದ್ದರು. ತರಬೇತಿಯ ಪಟ್ಟಿಯಲ್ಲಿ ಕಾಯಂ ನೌಕರರ ಹೆಸರೇ ಮುಂದೆ, ಎದುರಿನ ಬೆಂಚಿನಲ್ಲಿ ಕುಳಿತ ಅತಿಥಿಗಳು ಹೊರಗೆ. ತಾಲ್ಲೂಕಿನ ಹುಡುಗರ ಸ್ವಭಾವ, ಊರು, ಮನೆಯ ಕಷ್ಟ ಇವನ್ನು ಹೆಚ್ಚು ಬಲ್ಲವರು ಅವರೇ ಎಂಬುದನ್ನು ಪ್ರಾಂಶುಪಾಲರೂ ಒಪ್ಪುತ್ತಾರೆ.

ಚಿತ್ರದುರ್ಗ ಜಿಲ್ಲೆಗೆ ಅಧ್ಯಾಪಕರ ಒಡನಾಟದ ಪಾಠ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರು ಬರೆದದ್ದು ಕಡಿಮೆ. ಇಂದಿನ ಲೆಕ್ಕದಲ್ಲಿ ಬಡ್ತಿಗೆ ಪರದಾಡಬೇಕಾಗುತ್ತಿತ್ತೇನೋ! ಆದರೆ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಎ.ಆರ್. ಕೃಷ್ಣಶಾಸ್ತ್ರಿ ಮತ್ತು ವೆಂಕಣ್ಣಯ್ಯ ಅವರನ್ನು ಕನ್ನಡದ ಅಶ್ವಿನಿ ದೇವತೆಗಳೆಂದು ಕರೆದದ್ದು ಸುಮ್ಮನೆ ಅಲ್ಲ. ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದು, ಕಿರಿಯರಿಂದ ಬರೆಸುವುದು, ತಿದ್ದುವುದು ಅವರ ನಿತ್ಯದ ಕೆಲಸವಾಗಿತ್ತು. ಮೈಸೂರಿನ ಆ ಬಳಗ ಚಿಕ್ಕದು, ನೌಕರಿಯ ಭದ್ರತೆಯಿತ್ತು, ಇಂದಿನ ಜನಜಂಗುಳಿಯ ತರಗತಿ ಅದಲ್ಲ. ಹಾಗಿದ್ದೂ, ಬರೆಯದೆ ಬರೆಸಿದ ಅಧ್ಯಾಪಕನಿಗೆ ಅಂದು ಒಂದು ಸ್ಥಾನವಿತ್ತು ಎಂಬುದು ನಿಜ.

ಅದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ವಿಜ್ಞಾನ ಶಿಕ್ಷಕರನ್ನು ಉಳಿಸಿಕೊಂಡು, ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸಿ ಕಳಿಸುವ ಕೇಂದ್ರ ಅಲ್ಲಿ ನಡೆಯುತ್ತಿದೆ. ಪದವಿ ಕಾಲೇಜಿನ ಇತಿಹಾಸ, ವಾಣಿಜ್ಯ, ಕನ್ನಡ ಅಧ್ಯಾಪಕರಿಗೆ ಅಂಥದ್ದೇನೂ ಇಲ್ಲ. ಅದಕ್ಕೆ ದೊಡ್ಡ ಆವರಣ ಬೇಕಾಗಿಯೂ ಇಲ್ಲ. ಜಪಾನಿನ ಶಾಲೆಗಳಲ್ಲಿ ಒಬ್ಬರು ಪಾಠ ಮಾಡುವಾಗ ಉಳಿದ ಶಿಕ್ಷಕರು ಹಿಂದೆ ಕುಳಿತು ಮಕ್ಕಳನ್ನು ಗಮನಿಸಿ, ಆಮೇಲೆ ಒಟ್ಟಾಗಿ ಪಾಠವನ್ನು ತಿದ್ದುವ ರೂಢಿ ಬಹಳ ಹಳೆಯದು. ನಮ್ಮಲ್ಲಿ ತರಗತಿಯ ಹಿಂದಿನ ಬೆಂಚಿಗೆ ಹೊರಗಿನವರು ಬಂದು ಕುಳಿತರೆ ಅದು ಕಾಲೇಜಿಗೆ ಶ್ರೇಣಿ ಕೊಡಲು ಬಂದ ನ್ಯಾಕ್ ತಂಡವೇ ಇರಬೇಕು ಎಂಬಂತಾಗಿದೆ.

ಆರಂಭಿಸಲು ಸರಿಯಾದ ಜಾಗ ಮೌಲ್ಯಮಾಪನ ಎಂಬುದು ನನ್ನ ಅಭಿಪ್ರಾಯ. ಸೆಮಿಸ್ಟರ್ ಮುಗಿದ ಮೇಲೆ ಒಂದೇ ವಿಷಯದ ಅಧ್ಯಾಪಕರು ಹಲವು ತಾಲ್ಲೂಕುಗಳಿಂದ ಉತ್ತರಪತ್ರಿಕೆ ನೋಡಲು ಸೇರುತ್ತಾರೆ. ಯಾವ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದಾರೆ, ಯಾವ ವ್ಯಾಖ್ಯೆಯನ್ನು ಗೈಡಿನ ತಪ್ಪು ಸಮೇತ ಬರೆದಿದ್ದಾರೆ ಎಂಬುದು ಕಣ್ಣೆದುರಿಗೇ ಇರುತ್ತದೆ. ಊಟದ ಹೊತ್ತಿನಲ್ಲಿ ಇದೇ ಚರ್ಚೆ. ಆದರೆ ಕಟ್ಟು ಮುಗಿಸಿ, ಭತ್ಯೆಯ ಫಾರ್ಮ್ ತುಂಬಿ ಹೊರಟರೆ ಅಲ್ಲಿಗೆ ಅದು ಮುಗಿಯಿತು. ಕೊನೆಯ ದಿನ ಅರ್ಧ ದಿನ ಹೆಚ್ಚು ಕೂರಿಸಿ, ಮುಂದಿನ ಸೆಮಿಸ್ಟರಿಗೆ ಯಾವ ಪಾಠವನ್ನು ಹೇಗೆ ಬದಲಿಸಬೇಕೆಂದು ವಿಷಯವಾರು ಮಾತಾಡಿಸಬಹುದು. ಅತಿಥಿ ಉಪನ್ಯಾಸಕರನ್ನೂ ಕರೆದು, ಅವರಿಗೂ ಬಸ್ ಚಾರ್ಜು, ಆ ದಿನದ ಗೌರವಧನ ಕೊಡಬೇಕು. ನಾಲ್ಕು ಊರುಗಳ ನಡುವೆ ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಸೇರಲು ಅನ್ಯ ಕರ್ತವ್ಯದ ಅನುಮತಿ (ಒಒಡಿ) ಸಿಕ್ಕರೂ ಸಾಕು.

ಇದಕ್ಕೂ ಬಡ್ತಿಯಲ್ಲಿ ಅಂಕ ಕೊಟ್ಟರೆ ಎಲ್ಲರೂ ಬರುತ್ತಾರೆ ಎಂಬ ಸಲಹೆ ಖಂಡಿತ ಬರುತ್ತದೆ. ಕೊಡಬಾರದು ಎಂದೇ ನಾನು ಹೇಳುತ್ತೇನೆ. ಅಂಕ ಬಂದ ದಿನವೇ ಬ್ಯಾನರು, ಉದ್ಘಾಟನೆ, ಗಣ್ಯರ ಭಾಷಣ, ಗುಂಪು ಫೋಟೊ ಶುರುವಾಗುತ್ತವೆ. ಸೆಮಿನಾರುಗಳಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ. ಅಂಕವಿಲ್ಲದಿದ್ದರೆ ಹತ್ತರಲ್ಲಿ ಮೂವರೇ ಬರಬಹುದು. ಆ ಮೂವರಿಗೆ ಒಂದು ಕೋಣೆ, ಚಹಾ, ಒಒಡಿ ಆದೇಶ ಇಷ್ಟನ್ನು ಕೊಡಲು ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೆ ಹೊಸ ಅನುದಾನವೇನೂ ಬೇಕಿಲ್ಲ.