ಸೂತ್ರವೂ ಭಾಷ್ಯವೂ

ಪಾಣಿನಿಯ ಸೂತ್ರಗಳಿಗೆ ಪತಂಜಲಿಯ ಮಹಾಭಾಷ್ಯ ದೊರೆಯದೆ ಹೋಗಿದ್ದರೆ ಅವುಗಳ ಒಳಗುಟ್ಟು ಎಷ್ಟು ಮಂದಿಗೆ ತಿಳಿಯುತ್ತಿತ್ತು? ಕಂಪ್ಯೂಟರಿಗಾಗಿ ಬರೆಯುವ ಪ್ರೋಗ್ರಾಮುಗಳ ಪಾಡೂ ಅದೇ. ಯಂತ್ರಕ್ಕೆ ಸೂತ್ರವಷ್ಟೇ ಸಾಕು. ನಾಳೆ ಅದನ್ನು ಬಳಸುವ, ತಿದ್ದುವ ಮನುಷ್ಯನಿಗೆ ಭಾಷ್ಯವೂ ಬೇಕು. ಆದುದರಿಂದ ಪ್ರೋಗ್ರಾಮು ಬರೆಯುವವರು ಆಜ್ಞೆಗಳ ನಡುವೆ ಆಡುಮಾತಿನ ಟಿಪ್ಪಣಿಗಳನ್ನೂ ಬರೆದಿಡುತ್ತಾರೆ.

ಈ ಟಿಪ್ಪಣಿಗಳನ್ನು ಆಯ್ದು ತಾನಾಗಿಯೇ ಕೈಪಿಡಿ ಕಟ್ಟಿಕೊಡುವ ಉಪಕರಣಗಳುಂಟು. 1990ರ ದಶಕದಲ್ಲಿ ಜಾವಾ ಭಾಷೆಯೊಡನೆ ಬಂದ ಜಾವಾಡಾಕ್ ಅವುಗಳಲ್ಲಿ ಹೆಸರಾದುದು. ಅದರ ಶಿಷ್ಟಾಚಾರ ಕಟ್ಟುನಿಟ್ಟಾದುದು. ಓರೆಗೆರೆಯ ಮುಂದೆ ಒಂದೇ ನಕ್ಷತ್ರವಿದ್ದರೆ ಅದು ಮನೆಯೊಳಗಿನ ಮಾತು, ಕೈಪಿಡಿಗೆ ಸೇರದು. ಎರಡು ನಕ್ಷತ್ರಗಳಿದ್ದರೆ ಊರಿಗೆ ಸಾರುವ ಮಾತು. ಸೂತ್ರಕ್ಕೆ ಏನನ್ನು ಕೊಡಬೇಕು, ಅದು ಏನನ್ನು ಹಿಂದಿರುಗಿಸುತ್ತದೆ, ಯಾವಾಗ ಮುನಿಯುತ್ತದೆ ಎಂಬುದಕ್ಕೆಲ್ಲ ಬೇರೆ ಬೇರೆ ಗುರುತುಗಳಿವೆ.

ಮೊದಲ ವಾಕ್ಯವೇ ಸಾರಾಂಶವಾಗಿ ಕೈಪಿಡಿಯ ಪಟ್ಟಿಯಲ್ಲಿ ಅಚ್ಚಾಗುತ್ತದೆ. ಆದರೆ ವಾಕ್ಯ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇಂಗ್ಲಿಷ್ ಟಿಪ್ಪಣಿಯಲ್ಲಿ ಒಂದು ಚುಕ್ಕೆಯೂ ಅದರ ಹಿಂದೆಯೇ ತೆರಪೂ ಕಂಡರೆ ಅದಕ್ಕೆ ಸಾಕು. 'ಪ್ರೊ.' ಎಂದು ಸಂಕ್ಷೇಪಿಸಿ ಬರೆದಿರೋ, ಪ್ರೊಫೆಸರರ ಹೆಸರು ಬರುವ ಮೊದಲೇ ಸಾರಾಂಶ ಸಮಾಪ್ತಿ! ಚುಕ್ಕೆಯ ಬಳಿಕ ಮುರಿಯದ ತೆರಪಿನ ವಿಶೇಷ ಚಿಹ್ನೆಯಿಟ್ಟರೆ ಮಾತು ಮುಂದುವರಿಯುತ್ತದೆ.

ಇವು ನಗುತ್ತ ತಿದ್ದಬಹುದಾದ ತಪ್ಪುಗಳು. ನಗಲಾರದ ತಪ್ಪು ಬೇರೊಂದಿದೆ. ಟಿಪ್ಪಣಿಯ ರೂಪ ಸರಿಯಿದೆಯೇ ಎಂದು ಉಪಕರಣ ನೋಡಬಲ್ಲದು. ಅದರಲ್ಲಿ ಬರೆದುದು ನಿಜವೇ ಎಂದು ನೋಡಲಾರದು. ಸೂತ್ರವನ್ನು ತಿದ್ದಿದವನು ಟಿಪ್ಪಣಿಯನ್ನು ಮರೆತರೆ ಹಳೆಯ ಸುಳ್ಳೇ ಅಂದವಾಗಿ ಅಚ್ಚಾಗುತ್ತದೆ. ಬರಹ ಒಂದು, ನಡೆ ಇನ್ನೊಂದು ಆದರೆ ಬರುವ ಆಪತ್ತನ್ನು ಜಗತ್ತು 1999ರಲ್ಲಿ ಕಂಡಿತು. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ನಿಯಮಪತ್ರದಲ್ಲಿ ಅಳತೆ ನ್ಯೂಟನ್-ಸೆಕೆಂಡುಗಳಲ್ಲಿರಬೇಕೆಂದಿತ್ತು. ಭೂಮಿಯ ಮೇಲಿನ ಪ್ರೋಗ್ರಾಮು ಪೌಂಡ್-ಸೆಕೆಂಡುಗಳಲ್ಲಿ ಅಂಕಿಗಳನ್ನು ಕೊಡುತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.45 ಪಟ್ಟಿನ ಅಂತರ. ಸೆಪ್ಟೆಂಬರ್ 23ರಂದು ನೌಕೆ ಮಂಗಳಗ್ರಹಕ್ಕೆ ತೀರ ಸಮೀಪ ಸಾಗಿ ನಾಶವಾಯಿತು.

ಅಡಿಗೆಮನೆಯಲ್ಲಿ ಸಕ್ಕರೆಯ ಚೀಟಿ ಹೊತ್ತ ಡಬ್ಬಿಗೆ ಉಪ್ಪು ತುಂಬಿದರೆ ಕೆಡುವುದು ಒಂದು ಲೋಟ ಕಾಫಿ. ಆದರೂ ಗೃಹಿಣಿ ಚೀಟಿಯನ್ನು ಬದಲಿಸದೆ ಬಿಡಳು. ಒಳಗಿನದನ್ನು ಬದಲಿಸಿದ ಕೈಯೇ ಹೊರಗಿನ ಬರಹವನ್ನೂ ಬದಲಿಸಬೇಕು. ಆ ಒಂದು ಕೆಲಸವನ್ನು ಯಾವ ಯಂತ್ರವೂ ತಾನಾಗಿ ಮಾಡಿಕೊಟ್ಟೀತೆಂದು ನಂಬಿ ಕುಳಿತಿರಲಾಗದು.