ಸೋರ್ಸ್ ಕೋಡಿನೊಡನೆ ನಿರ್ಮಾಣವಿಧಿಯೂ ಕೈಸೇರಬೇಕು

ಹಣಕೊಟ್ಟು ತಂತ್ರಾಂಶವನ್ನು ಬರೆಯಿಸಿಕೊಳ್ಳುವ ಕಚೇರಿಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ವಿವೇಕಿಗಳಾದವರು ಕೆಲಸಮಾಡುವ ಪ್ರೋಗ್ರಾಮಿನ ಜೊತೆಗೆ ಅದರ ಮೂಲ ಬರೆಹವಾದ ಸೋರ್ಸ್ ಕೋಡನ್ನೂ ಕೇಳಿ ಪಡೆಯುವುದುಂಟು. ಕೇಂದ್ರ ಸರ್ಕಾರವೂ 2015ರಲ್ಲಿ ತನ್ನ ತಂತ್ರಾಂಶಗಳ ಸೋರ್ಸ್ ಕೋಡನ್ನು ತೆರೆದಿಡುವ ನೀತಿಯೊಂದನ್ನು ಪ್ರಕಟಿಸಿತು. ಇವೆಲ್ಲ ಮೆಚ್ಚತಕ್ಕ ಸಂಗತಿಗಳೇ. ಆದರೆ ಇಷ್ಟರಿಂದಲೇ ತಂತ್ರಾಂಶವು ತಮ್ಮ ಸ್ವಾಧೀನಕ್ಕೆ ಬಂದಿತೆಂದು ಭಾವಿಸುವವರು ಮುಂದೊಂದು ದಿನ ಕಷ್ಟಕ್ಕೆ ಸಿಲುಕುವರು. ಸೋರ್ಸ್ ಕೋಡಿನಿಂದ ತಂತ್ರಾಂಶವನ್ನು ಮತ್ತೆ ಕಟ್ಟುವ ವಿಧಾನವು ಬರೆಹದಲ್ಲಿ ಇಲ್ಲದಿದ್ದರೆ, ಆ ಕೋಡು ಓದಲು ಬರುವ ಕಾಗದವಾಗಿ ಉಳಿಯುತ್ತದೆಯೇ ಹೊರತು ಬಳಸಲು ಬರುವ ವಸ್ತುವಾಗುವುದಿಲ್ಲ.

ನಮ್ಮ ಶಿವಮೊಗ್ಗದ ಗೋಪಾಳದಲ್ಲಿ ಮನೆಯ ಮಹಡಿಯಲ್ಲಿಯೇ ಕುಳಿತು ಬೆಂಗಳೂರಿನ ಕಂಪೆನಿಗಳಿಗೆ ದುಡಿಯುವ ತರುಣರು ‘ಬಿಲ್ಡ್ ಫೇಲ್ ಆಯ್ತು’ ಎಂದು ಪೇಚಾಡುವುದನ್ನು ಕೇಳಿದವರಿಗೆ ಈ ಬಿಲ್ಡ್ ಎಂಬುದೇನೆಂಬ ಕುತೂಹಲ ಸಹಜ. ದೊಡ್ಡ ತಂತ್ರಾಂಶವೊಂದು ನೂರಾರು ಫೈಲುಗಳಲ್ಲಿ ಹರಡಿಕೊಂಡಿರುವುದು. ಅವುಗಳಲ್ಲಿ ಯಾವುದನ್ನು ಮೊದಲು ಕಂಪೈಲ್ ಮಾಡಬೇಕು, ಎಂದರೆ ಯಂತ್ರದ ಭಾಷೆಗೆ ತಿರುಗಿಸಬೇಕು, ಯಾವ ಲೈಬ್ರರಿಯ ಎಷ್ಟನೆಯ ಆವೃತ್ತಿಯನ್ನು ಸೇರಿಸಬೇಕು, ಪರೀಕ್ಷೆಗಳನ್ನು ಯಾವ ಘಟ್ಟದಲ್ಲಿ ನಡೆಸಬೇಕು, ಕಟ್ಟಕಡೆಗೆ ಎಲ್ಲವನ್ನೂ ಹೇಗೆ ಒಂದು ಪೊಟ್ಟಣವಾಗಿ ಕಟ್ಟಬೇಕು ಎಂಬ ಸಮಸ್ತ ಕ್ರಮಕ್ಕೆ ಬಿಲ್ಡ್ ಎಂದು ಹೆಸರು. ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿದಾಗ, ಅದಿರು, ಸುಣ್ಣಕಲ್ಲು, ಇದ್ದಿಲು ಇವು ಅಂಗಳದಲ್ಲಿ ರಾಶಿಬಿದ್ದಿದ್ದ ಮಾತ್ರಕ್ಕೆ ಕಬ್ಬಿಣವು ಹರಿದುಬರಲಿಲ್ಲವಷ್ಟೆ. ಯಾವುದನ್ನು ಯಾವ ಪ್ರಮಾಣದಲ್ಲಿ, ಯಾವ ಕ್ರಮದಲ್ಲಿ ಕುಲುಮೆಗೆ ಹಾಕಬೇಕೆಂಬ ಜ್ಞಾನವೂ ಕಾರ್ಖಾನೆಯ ಆಸ್ತಿಯೇ ಆಗಿದ್ದಿತು.

ಈ ಜ್ಞಾನವನ್ನು ಯಂತ್ರವೇ ಓದಿ ನಡೆಸುವಂತೆ ಬರೆದಿಡುವ ಉಪಾಯವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ‘ಮೇಕ್’ ಎಂಬ ಸಾಧನದ ಮೂಲಕ ತೋರಿಸಿಕೊಟ್ಟರು. ಅದರಲ್ಲಿ ಆಜ್ಞೆಯ ಸಾಲುಗಳು ಟ್ಯಾಬ್ ಚಿಹ್ನೆಯಿಂದಲೇ ಆರಂಭವಾಗಬೇಕೆಂಬ ನಿಯಮವಿದ್ದು, ಟ್ಯಾಬಿಗೂ ಬರಿಯ ಖಾಲಿ ಸ್ಥಳಕ್ಕೂ ಕಣ್ಣಿಗೆ ಭೇದ ಕಾಣದಿದ್ದುದರಿಂದ, ಅದು ಅನೇಕರ ತಾಳ್ಮೆಯನ್ನು ಪರೀಕ್ಷಿಸಿತು. ಹಾಗೆ ಬೇಸತ್ತವರಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಒಬ್ಬರು. 1998ರ ಫೆಬ್ರವರಿ 10ರಂದು ಪ್ರಮಾಣಿತ ರೂಪವನ್ನು ಪಡೆದಿದ್ದ ಎಕ್ಸ್‌ಎಂಎಲ್ ಎಂಬ ಬರೆಹದ ವಿಧಾನವನ್ನು ಆಶ್ರಯಿಸಿ ಅವರು ರಚಿಸಿದ ‘ಆಂಟ್’ ಎಂಬ ಸಾಧನವು 2000ದಲ್ಲಿ ಸ್ವತಂತ್ರವಾಗಿ ಲೋಕಕ್ಕೆ ಬಂದಿತು. ಅನಂತರ ಜಾವಾ ಜಗತ್ತಿನಲ್ಲಿ ‘ಮೇವನ್’ ಬಂದಿತು; ಮೈಕ್ರೋಸಾಫ್ಟ್ 2005ರಲ್ಲಿ ಎಕ್ಸ್‌ಎಂಎಲ್ ಅನ್ನೇ ಆಶ್ರಯಿಸಿದ ‘ಎಂಎಸ್‌ಬಿಲ್ಡ್’ ಅನ್ನು ಹೊರತಂದಿತು.

ಆಂಟಿನ ಫೈಲನ್ನು ತೆರೆದು ನೋಡಿದರೆ ಅದರ ಸರಳತೆಯು ಗೋಚರವಾಗುತ್ತದೆ. ಅದರಲ್ಲಿ ‘ಟಾರ್ಗೆಟ್’ ಎಂಬ ಹೆಸರಿನ ಕಾರ್ಯಘಟ್ಟಗಳಿರುವುವು. ಪ್ರತಿಯೊಂದು ಘಟ್ಟವೂ ತನಗಿಂತ ಮೊದಲು ಮುಗಿದಿರಬೇಕಾದ ಘಟ್ಟಗಳು ಯಾವುವೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ಪರೀಕ್ಷೆಯು ಕಂಪೈಲನ್ನು ಅವಲಂಬಿಸಿದೆಯೆಂದೂ ಪ್ಯಾಕೇಜು ಪರೀಕ್ಷೆಯನ್ನು ಅವಲಂಬಿಸಿದೆಯೆಂದೂ ಬರೆದರೆ ಸಾಕು, ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಸಾಧನವೇ ನಿರ್ಣಯಿಸುತ್ತದೆ. ಎರಡು ಘಟ್ಟಗಳು ಒಂದನ್ನೊಂದು ಅವಲಂಬಿಸಿ ಸುತ್ತಿಕೊಂಡಿದ್ದರೆ ಮುಂದೆ ಹೋಗದೆ ದೋಷವನ್ನು ತೋರಿಸುತ್ತದೆ. ಹಿಂದಿನ ಬಿಲ್ಡಿನ ಅನಂತರ ಬದಲಾಗದ ಫೈಲುಗಳನ್ನು ಅವುಗಳ ಕಾಲಮುದ್ರೆಯಿಂದ ಗುರುತಿಸಿ ವೃಥಾ ಶ್ರಮವನ್ನು ತಪ್ಪಿಸುತ್ತದೆ.

ಈ ಪದ್ಧತಿಗೆ ಆಕ್ಷೇಪಣೆಗಳಿಲ್ಲದಿಲ್ಲ. ಎಕ್ಸ್‌ಎಂಎಲ್ ಬರೆಹದ ತುಂಬ ಬರುವ ಕೋನಾವರಣಗಳ (< >) ಕಾಡಿನಲ್ಲಿ ಕಣ್ಣು ದಣಿಯುವುದೆಂಬ ದೂರು ನ್ಯಾಯವಾದುದೇ. ಸ್ವತಃ ಡೇವಿಡ್‌ಸನ್ ಅವರೇ, ತಾವು ಅಂದು ಎಕ್ಸ್‌ಎಂಎಲ್‌ಗೆ ಬದಲಾಗಿ ನಿಜವಾದ ಒಂದು ಸ್ಕ್ರಿಪ್ಟಿಂಗ್ ಭಾಷೆಯನ್ನು ಆರಿಸಿಕೊಂಡಿದ್ದರೆ ಲೇಸಾಗುತ್ತಿದ್ದಿತೆಂದು ಮುಂದೆ ಹೇಳಿದ್ದುಂಟು. ಆದರೆ ಅವರ ಈ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಬಿಲ್ಡಿನ ಫೈಲಿನಲ್ಲಿ ಏನನ್ನಾದರೂ ಬರೆಯಬಹುದೆಂಬ ಸ್ವಾತಂತ್ರ್ಯವನ್ನು ಕೊಟ್ಟರೆ, ಬರೆದವನ ಜಾಣ್ಮೆಯೇ ಮುಂದಿನವನಿಗೆ ಒಗಟಾಗುವುದು. ಎಕ್ಸ್‌ಎಂಎಲ್ ವಿಧಿಸುವ ಬಿಗಿಯು ಬರೆಯುವವನಿಗೆ ಬೇಸರವನ್ನುಂಟುಮಾಡಿದರೂ ಓದುವವನಿಗೆ ಉಪಕಾರವನ್ನೇ ಮಾಡುತ್ತದೆ. ಮೈಕ್ರೋಸಾಫ್ಟ್ ಡಾಟ್‌ನೆಟ್ ಕೋರ್ ಎಂಬ ತನ್ನ ಹೊಸ ತಂತ್ರಾಂಶ ವೇದಿಕೆಯಲ್ಲಿ ಎಕ್ಸ್‌ಎಂಎಲ್ ಅನ್ನು ತೊರೆದು ಬಿಲ್ಡಿನ ವಿಧಿಯನ್ನು ಹೇಳುವ ಪ್ರಾಜೆಕ್ಟ್ ಫೈಲನ್ನು ಜೇಸನ್ ಎಂಬ ಬೇರೊಂದು ಬರೆಹದ ರೂಪದಲ್ಲಿ ತರಲು ಯತ್ನಿಸಿ, ಹಳೆಯ ಯೋಜನೆಗಳೊಡನೆ ಅದು ಹೊಂದಿಕೊಳ್ಳದಿರಲು, 2017ರ ವೇಳೆಗೆ ಎಕ್ಸ್‌ಎಂಎಲ್‌ಗೇ ಹಿಂದಿರುಗಿತು. ಹಿಂದಿರುಗುವಾಗ ಫೈಲನ್ನು ಎಷ್ಟು ಮಿತಗೊಳಿಸಿತೆಂದರೆ ಚಿಕ್ಕ ಯೋಜನೆಯೊಂದರ ವಿವರವು ಇಂದು ಹತ್ತು ಹನ್ನೆರಡು ಸಾಲುಗಳಲ್ಲಿ ಮುಗಿಯುತ್ತದೆ.

ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಲಾಭವೊಂದಿದೆ. ಎಕ್ಸ್‌ಎಂಎಲ್ ತನ್ನ ಹುಟ್ಟಿನಿಂದಲೇ, ಹಲವು ಲಿಪಿಗಳ ಅಕ್ಷರಗಳಿಗೆ ಸಂಕೇತವನ್ನೊದಗಿಸುವ ಯೂನಿಕೋಡನ್ನು ಆಧಾರವಾಗಿ ಉಳ್ಳದ್ದು. ಕನ್ನಡ ಲಿಪಿಯಾದರೋ 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿದೆ. ಆದಕಾರಣ ಇಂಥ ಲೈಬ್ರರಿಯನ್ನು ಏತಕ್ಕೆ ಸೇರಿಸಿದೆ, ಈ ಘಟ್ಟವನ್ನು ಏತಕ್ಕೆ ಬಿಡಬಾರದು ಎಂಬ ಟಿಪ್ಪಣಿಯನ್ನು ಪ್ರಾಜೆಕ್ಟ್ ಫೈಲಿನೊಳಗೇ ಅಚ್ಚಗನ್ನಡದಲ್ಲಿ ಬರೆದಿಡಬಹುದು. ಆಂಟಿನ ಘಟ್ಟಗಳಿಗೆ ಕನ್ನಡದ ಹೆಸರುಗಳನ್ನೇ ಇಡಬಹುದು. ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯ ರಟ್ಟಿಗೂ ಬೈಂಡಿಂಗಿಗೂ ತೋರುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಈ ಟಿಪ್ಪಣಿಗಳಿಗೆ ಮೀಸಲಿಟ್ಟರೆ, ಮರುವರ್ಷ ಅದೇ ಕೆಲಸವನ್ನು ಮುಂದುವರಿಸಬೇಕೆನ್ನುವ ವಿದ್ಯಾರ್ಥಿಗಳು ಮೊದಲಿನಿಂದ ತೊಡಗಬೇಕಾಗುವುದಿಲ್ಲ.

ವಿದ್ಯಾರ್ಥಿಗಳ ಮಾತು ಹಾಗಿರಲಿ. ಸಾರ್ವಜನಿಕ ಹಣದ ಮಾತಿನಲ್ಲಿ ಉದಾಸೀನವು ಸಲ್ಲದು. 2000ದ ಸುಮಾರಿಗೆ ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಂಥ ವ್ಯವಸ್ಥೆಯು ಒಮ್ಮೆ ಕಟ್ಟಿ ಮುಗಿಸುವಂಥದಲ್ಲ. ಕಾನೂನು ತಿದ್ದುಪಡಿಯಾದಂತೆಲ್ಲ ಅದನ್ನು ಮತ್ತೆ ಮತ್ತೆ ಕಟ್ಟಬೇಕು. ಚಿಕ್ಕ ಸಹಕಾರ ಸಂಘವೊಂದರ ಲೆಕ್ಕದ ತಂತ್ರಾಂಶವನ್ನೇ ಭಾವಿಸಿಕೊಳ್ಳಿ: 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು, ತೆರಿಗೆಯ ಲೆಕ್ಕಾಚಾರವಿರುವ ನಾಲ್ಕು ಸಾಲುಗಳನ್ನು ಬದಲಿಸಬೇಕು, ಸೋರ್ಸ್ ಕೋಡು ಬೀರುವಿನಲ್ಲಿಯೇ ಇದೆ, ಆದರೆ ಬರೆದಾತನು ಊರು ಬಿಟ್ಟಿದ್ದಾನೆ, ಬಿಲ್ಡಿಗೆ ಬೇಕಾದ ಲೈಬ್ರರಿಗಳು ಆತನ ಕಂಪ್ಯೂಟರಿನ ಡಿ ಡ್ರೈವಿನಲ್ಲಿದ್ದವು, ಯಾವ ಆವೃತ್ತಿಯೆಂಬುದು ಆತನ ನೆನಪಿನಲ್ಲಿದ್ದಿತು. ನಾಲ್ಕು ಸಾಲಿನ ತಿದ್ದುಪಡಿಗಾಗಿ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಯಿಸಬೇಕಾದ ಇಂಥ ಪ್ರಸಂಗದಲ್ಲಿ ನಷ್ಟವು ಸದಸ್ಯರ ತಲೆಯ ಮೇಲೆಯೇ ಬೀಳುವುದು.

ಸ್ವತಂತ್ರ ತಂತ್ರಾಂಶದ ಹಿರಿಯರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1991ರಲ್ಲಿ ಹೊರಬಂದ ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿಯು, ಸಂಪೂರ್ಣ ಸೋರ್ಸ್ ಕೋಡೆಂದರೆ ಕಂಪೈಲನ್ನೂ ಇನ್‌ಸ್ಟಾಲನ್ನೂ ನಿಯಂತ್ರಿಸುವ ಸ್ಕ್ರಿಪ್ಟುಗಳೂ ಸೇರಿದ್ದೆಂದು ನಿರ್ವಚನದಲ್ಲಿಯೇ ಹೇಳಿಬಿಟ್ಟಿದೆ. ನಮ್ಮ ಟೆಂಡರುಗಳಲ್ಲಿಯೂ ಕರಾರುಪತ್ರಗಳಲ್ಲಿಯೂ ಈ ನಿರ್ವಚನವನ್ನು ಹಾಗೆಯೇ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ತಂತ್ರಾಂಶದ ಖರೀದಿಗೆ ಸಹಿ ಹಾಕುವ ಕಾರ್ಯದರ್ಶಿಗಳಲ್ಲಿ, ಪ್ರಾಂಶುಪಾಲರಲ್ಲಿ, ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ: ಸೋರ್ಸ್ ಕೋಡಿನೊಡನೆ ಪ್ರಾಜೆಕ್ಟ್ ಫೈಲೂ ಕೈಗೆ ಬರಲಿ, ಏನೂ ಇನ್‌ಸ್ಟಾಲ್ ಆಗಿರದ ಹೊಸ ಕಂಪ್ಯೂಟರೊಂದರಲ್ಲಿ, ತಂತ್ರಾಂಶವನ್ನು ಬರೆದವರ ಸಹಾಯವಿಲ್ಲದೆ, ಆ ಫೈಲೊಂದನ್ನೇ ನಂಬಿ ತಮ್ಮವರೊಬ್ಬರು ಬಿಲ್ಡನ್ನು ಪೂರೈಸಲಿ, ಅಲ್ಲಿಯ ತನಕ ಬಿಲ್ಲಿನ ಕೊನೆಯ ಕಂತನ್ನು ತಡೆಹಿಡಿಯಿರಿ.