ವಿಡಿಯೋ ಕೆಟ್ಟಿಲ್ಲ, ಅಳಿಸಬೇಡಿ!

ಪ್ರಾಜೆಕ್ಟ್ ನಾಳೆ ಒಪ್ಪಿಸಬೇಕು. ಫೋನಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ವಿಡಿಯೋವನ್ನು ಕಂಪ್ಯೂಟರಿನ ಎಡಿಟಿಂಗ್ ತಂತ್ರಾಂಶಕ್ಕೆ ಸೇರಿಸಹೋದರೆ ಅದು ಒಲ್ಲೆನೆನ್ನುತ್ತದೆ. ಇಲ್ಲವೇ ಧ್ವನಿ ಮಾತ್ರ ಬರುತ್ತದೆ, ಚಿತ್ರದ ಜಾಗದಲ್ಲಿ ಬರೀ ಕತ್ತಲೆ. ಮಕ್ಕಳು ಕಂಗಾಲು. ಹೊಸ ಕಂಪ್ಯೂಟರ್ ಕೊಳ್ಳಬೇಕೇನೋ ಎಂದು ಅಪ್ಪ ಅಮ್ಮನಿಗೆ ಚಿಂತೆ. ಗಾಬರಿ ಬೇಡ. ಎಷ್ಟೋ ಸಲ ಫೈಲೂ ಕೆಟ್ಟಿರುವುದಿಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ.

ಅಡುಗೆಮನೆಯ ಡಬ್ಬಿಗಳನ್ನು ನೆನೆಸಿಕೊಳ್ಳಿ. ಹೊರಗೆ ಎಲ್ಲವೂ ಒಂದೇ ಥರ. ಒಳಗೆ ಒಂದರಲ್ಲಿ ರವೆ, ಇನ್ನೊಂದರಲ್ಲಿ ಸಕ್ಕರೆ. ಎಂಪಿ4, ಎಂಒವಿ, ಎಂಕೆವಿ ಎಂಬುವು ಇಂಥ ಡಬ್ಬಿಗಳು. ಒಳಗಿನ ಚಿತ್ರವನ್ನು ಅಡಕಗೊಳಿಸಿದ ವಿಧಾನಕ್ಕೆ 'ಕೋಡೆಕ್' ಎಂದು ಹೆಸರು. 2003ರಲ್ಲಿ ಬಂದ ಎಚ್.264 ವಿಧಾನವನ್ನು ಬಹುತೇಕ ತಂತ್ರಾಂಶಗಳು ಬಲ್ಲವು. 2013ರ ಎಚ್‌ಇವಿಸಿ ಅಥವಾ ಎಚ್.265 ಇನ್ನೂ ಕಡಿಮೆ ಜಾಗ ಸಾಕೆನ್ನುತ್ತದೆ. ಆದರೆ ಎಲ್ಲ ಕಂಪ್ಯೂಟರುಗಳಿಗೂ ಅದರ ಪರಿಚಯವಿಲ್ಲ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದಿ ಪ್ರಯೋಜನವಿಲ್ಲ. ಚೀಟಿ ಬದಲಿಸಿದರೆ ರವೆ ಸಕ್ಕರೆಯಾದೀತೆ?

ಹಾಗಾದರೆ ಮಾಡುವುದೇನು?

ಮೊದಲನೆಯದಾಗಿ, ಫೋನಿನಲ್ಲಿರುವ ಮೂಲ ಪ್ರತಿಯನ್ನು ಅಳಿಸಬೇಡಿ. ಎರಡೂ ಕಡೆ ಫೈಲಿನ ಗಾತ್ರ ಹೋಲಿಸಿ. ಕಂಪ್ಯೂಟರಿನಲ್ಲಿ ಕಡಿಮೆಯಿದ್ದರೆ ನಕಲು ಅರ್ಧಕ್ಕೆ ನಿಂತಿರಬಹುದು, ಮತ್ತೆ ನಕಲಿಸಿ. ಪೆನ್ ಡ್ರೈವ್ 'ಫ್ಯಾಟ್32' ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಸದು.

ಎರಡನೆಯದಾಗಿ, ಉಚಿತವಾಗಿ ಸಿಗುವ ವಿಎಲ್‌ಸಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಓಡಿದರೆ ಫೈಲು ಕ್ಷೇಮ ಎಂದೇ ತಿಳಿಯಿರಿ. ಯಾವ ಕೋಡೆಕ್ ಎಂಬುದು ಅದರ 'ಟೂಲ್ಸ್' ಪಟ್ಟಿಯಲ್ಲಿ ಸಿಗುತ್ತದೆ.

ಮೂರನೆಯದಾಗಿ, ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264 ಆರಿಸಿ ಹೊಸ ಪ್ರತಿ ಮಾಡಿಕೊಳ್ಳಿ. 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದನ್ನೂ ಗುರುತಿಸಿ. ಎಷ್ಟೋ ಫೋನುಗಳು ಪ್ರತಿ ಸೆಕೆಂಡಿಗೂ ಒಂದೇ ಸಂಖ್ಯೆಯ ಚಿತ್ರಗಳನ್ನು ತೆಗೆಯುವುದಿಲ್ಲ. ಎಡಿಟ್ ಮಾಡುವಾಗ ತುಟಿಗೂ ಮಾತಿಗೂ ತಾಳ ತಪ್ಪಲು ಇದೂ ಒಂದು ಕಾರಣ.

ವಿಎಲ್‌ಸಿಯೂ ಕೈಚೆಲ್ಲಿದರೆ? ಚಿತ್ರೀಕರಣದ ನಡುವೆ ಬ್ಯಾಟರಿ ಮುಗಿದು ಫೋನು ಆರಿಹೋಯಿತೇ, ನೆನಪಿಸಿಕೊಳ್ಳಿ. ಎಂಪಿ4 ಫೈಲಿನ ವಿಷಯಸೂಚಿಯನ್ನು ಫೋನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದಿಲ್ಲದಿದ್ದರೆ ಒಳಗೆ ಚಿತ್ರವಿದ್ದರೂ ತಂತ್ರಾಂಶಕ್ಕೆ ದಾರಿ ತಿಳಿಯದು. ಇಂಥ ಫೈಲನ್ನು ಕೆಲವೊಮ್ಮೆ ದುರಸ್ತಿ ಮಾಡಬಹುದು, ಆದರೆ ಅದು ಬಲ್ಲವರ ಕೆಲಸ. ಆದ್ದರಿಂದ ಅದನ್ನೂ ಅಳಿಸಬೇಡಿ.

ಮುಂದಿನ ಸಲಕ್ಕೆ ಎರಡು ಮಾತು. ಐಫೋನ್ ಇದ್ದವರು ಕ್ಯಾಮೆರಾದ 'ಫಾರ್ಮ್ಯಾಟ್ಸ್' ಆಯ್ಕೆಯಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂಬುದನ್ನು ಆರಿಸಿಕೊಂಡರೆ ಈ ತಾಪತ್ರಯ ತಗ್ಗುತ್ತದೆ. ಯಾವ ಫೋನಾದರೂ ಸರಿ, ಹತ್ತು ಸೆಕೆಂಡು ಚಿತ್ರಿಸಿ, ಅದನ್ನು ಎಡಿಟಿಂಗ್ ತಂತ್ರಾಂಶಕ್ಕೆ ಸೇರಿಸಿ ನೋಡಿ. ಆಮೇಲೆ ಅಜ್ಜಿಯನ್ನು ಕೂರಿಸಿ ಮಾತಾಡಿಸಿ. ಪ್ರಾಜೆಕ್ಟಿಗೆ ಇನ್ನೊಂದು ದಿನ ಸಿಕ್ಕೀತು; ಅಜ್ಜಿ ಅದೇ ಕಥೆಯನ್ನು ಅದೇ ನಗುವಿನೊಂದಿಗೆ ಮತ್ತೆ ಹೇಳುವುದು ಕಷ್ಟ.